ಗ್ರೀಕಿನ ‘ಸ್ಕೊತಿಝೋ’: ಹೊಸ ಒಡಂಬಡಿಕೆಯ ‘ಕತ್ತಲಾಯಿತು’ ಪದವನ್ನು ಓದುವ ಬಗೆ

ರೋಮಾಪುರದವರಿಗೆ ಬರೆದ ಪತ್ರ 1:21ರಲ್ಲಿ ಮನುಷ್ಯರ ಮನಸ್ಸು ಕತ್ತಲಾಗುತ್ತದೆ. ಮತ್ತಾಯ 24:29ರಲ್ಲಿ ಸೂರ್ಯನು ಕತ್ತಲಾಗುತ್ತಾನೆ. ಗ್ರೀಕ್ ಮೂಲದಲ್ಲಿ ಎರಡೂ ಕಡೆ ಇರುವುದು ಒಂದೇ ಕ್ರಿಯಾಪದ, ಸ್ಕೊತಿಝೋ. ಪ್ರಸಂಗ ಸಿದ್ಧಪಡಿಸುವವರು, ಬೈಬಲ್ ಅಧ್ಯಯನ ನಡೆಸುವವರು ಈ ಪದ ಎದುರಾದಾಗ ಹೆಚ್ಚಾಗಿ ನಿಘಂಟು ತೆರೆದು ‘ಕತ್ತಲು ಮಾಡು’ ಎಂದು ಬರೆದುಕೊಂಡು ಮುಂದಕ್ಕೆ ಹೋಗುತ್ತಾರೆ. ಇನ್ನು ಕೆಲವರು ಪದದ ಧಾತುವನ್ನೇ ಹಿಡಿದು ದೊಡ್ಡ ಸಿದ್ಧಾಂತ ಕಟ್ಟುತ್ತಾರೆ. ಎರಡು ದಾರಿಯಲ್ಲೂ ವಚನ ಹೇಳುವ ಮಾತು ಕೈತಪ್ಪುತ್ತದೆ. ನಿಘಂಟಿನ ಅರ್ಥ ತಿಳಿಯಲು ಒಂದು ನಿಮಿಷ ಸಾಕು. ಉಳಿದ ಕೆಲಸವೆಲ್ಲ ಇರುವುದು ವಾಕ್ಯದಲ್ಲಿ: ಕತ್ತಲಾದದ್ದು ಯಾವುದು, ಯಾವುದರಿಂದ ಆಯಿತು, ಕ್ರಿಯಾಪದ ಯಾವ ರೂಪದಲ್ಲಿದೆ. ಪ್ರತಿ ವಚನಕ್ಕೂ ಈ ಮೂರು ಪ್ರಶ್ನೆ ಹಾಕುತ್ತಾ ಹೋದರೆ ಗ್ರೀಕ್ ವ್ಯಾಕರಣ ಪೂರ್ತಿ ಬಾರದವರಿಗೂ ಪದ ಬಿಡಿಸಿಕೊಳ್ಳುತ್ತದೆ.

ಮೊದಲು ಕೈಗೆ ಬೇಕಾದದ್ದು

ಗ್ರೀಕ್ ಹೊಸ ಒಡಂಬಡಿಕೆಯ ಎರಡು ಪಾಠಗಳು ಬೇಕು. ಒಂದು ನೆಸ್ಲೆ-ಆಲಂಡ್ 28ನೇ ಆವೃತ್ತಿಯಂಥ ವಿಮರ್ಶಾತ್ಮಕ ಪಾಠ, ಅಂದರೆ ಹಳೆಯ ಕೈಬರಹದ ಪ್ರತಿಗಳನ್ನು ಹೋಲಿಸಿ ಸಿದ್ಧಪಡಿಸಿದ ಪಾಠ. ಇನ್ನೊಂದು ಟೆಕ್ಸ್ಟಸ್ ರಿಸೆಪ್ಟಸ್, ಅಂದರೆ ಇಂಗ್ಲಿಷಿನ ಕಿಂಗ್ ಜೇಮ್ಸ್ ಅನುವಾದದ ಹಿಂದಿರುವ ಪಾಠ. ಎರಡು ಏಕೆ ಎಂಬುದು ಮುಂದೆ ವಚನಗಳನ್ನು ಎಣಿಸುವಾಗ ತಿಳಿಯುತ್ತದೆ. ಇವುಗಳ ಜೊತೆಗೆ ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದವಾದ ಸೆಪ್ಟುಅಜಿಂಟ್ ಮತ್ತು ಕನ್ನಡ ಬೈಬಲಿನ ಕನಿಷ್ಠ ಎರಡು ಅನುವಾದಗಳಿರಲಿ. ಒಂದು ಹಾಳೆಯಲ್ಲಿ ಐದು ಅಂಕಣ ಗೆರೆ ಹಾಕಿಕೊಳ್ಳಿ: ವಚನ, ಗ್ರೀಕ್ ರೂಪ, ಕತ್ತಲಾದದ್ದು, ಕಾರಣ, ಕನ್ನಡ ಮಾತು. ‘ಕಾರಣ’ದ ಅಂಕಣದಲ್ಲಿ ವಚನದಲ್ಲೇ ಇರುವುದನ್ನು ಮಾತ್ರ ಬರೆಯಬೇಕು. ಇಲ್ಲದಿದ್ದರೆ ಖಾಲಿ ಬಿಡಬೇಕು. ಆ ಖಾಲಿ ಜಾಗವೂ ಒಂದು ಮಾಹಿತಿಯೇ.

ಗ್ರೀಕ್ ಪದವನ್ನು ಕನ್ನಡ ಲಿಪಿಯಲ್ಲಿ ಬರೆಯುವ ಬಗ್ಗೆ ಒಂದು ಮಾತು. ಇಂಗ್ಲಿಷ್ ಲಿಪಿಯ ಮೂಲಕ ಬಂದವರು ‘ಸ್ಕೊಟಿಜೊ’ ಎಂದು ಬರೆಯುತ್ತಾರೆ. ಗ್ರೀಕಿನ ತಾವ್ ಅಕ್ಷರಕ್ಕೆ ನಮ್ಮ ‘ತ’ವೇ ಹತ್ತಿರ. ಕನ್ನಡ ಬೈಬಲೂ ತೀತ, ತಿಮೊಥೆಯ ಎಂದೇ ಬರೆಯುತ್ತದೆ. ಗ್ರೀಕಿನಲ್ಲಿ ಹ್ರಸ್ವ ಮತ್ತು ದೀರ್ಘ ‘ಒ’ಗೆ ಬೇರೆ ಬೇರೆ ಅಕ್ಷರ, ಹ್ರಸ್ವ ಮತ್ತು ದೀರ್ಘ ‘ಎ’ಗೂ ಬೇರೆ ಬೇರೆ. ಕನ್ನಡದಲ್ಲಿ ಈ ಭೇದ ಇರುವುದರಿಂದ ಅದನ್ನು ಉಳಿಸಿಕೊಳ್ಳಿ: ಸ್ಕೊತೊಸ್ (ಕತ್ತಲು), ಸ್ಕೊತಿಝೋ, ಸ್ಕೊತೊಓ. ಹೀಗೆ ಬರೆದರೆ ಸ್ಕೊತಿಝೋ ಮತ್ತು ಸ್ಕೊತೊಓ ಎಂಬ ಎರಡು ಕ್ರಿಯಾಪದಗಳ ರೂಪಗಳು ಒಂದರೊಳಗೊಂದು ಕಲಸಿಹೋಗುವುದಿಲ್ಲ.

ವಚನಗಳನ್ನು ಒಟ್ಟುಮಾಡುವುದು

ಬೈಬಲಿನ ಪ್ರತಿ ಮೂಲಪದಕ್ಕೂ ಒಂದು ಸಂಖ್ಯೆ ಕೊಡುವ ಸ್ಟ್ರಾಂಗ್ ಅವರ 1890ರ ಪದಸೂಚಿಯಲ್ಲಿ ಈ ಕುಟುಂಬ ಒಂದೇ ಕಡೆ ಸಾಲಾಗಿ ಸಿಗುತ್ತದೆ: 4652 ಸ್ಕೊತೆಯ್ನೊಸ್ (ಕತ್ತಲು ತುಂಬಿದ), 4653 ಸ್ಕೊತಿಯಾ (ಕತ್ತಲು), 4654 ಸ್ಕೊತಿಝೋ, 4655 ಸ್ಕೊತೊಸ್ (ಕತ್ತಲು), 4656 ಸ್ಕೊತೊಓ. ನಮಗೆ ಬೇಕಾದ ಕ್ರಿಯಾಪದಗಳು 4654 ಮತ್ತು 4656. ಮೊಬೈಲ್ ಆ್ಯಪ್‌ನಲ್ಲಿ ಹುಡುಕುವಾಗ 4654 ಒಂದನ್ನೇ ಹುಡುಕಿ ನಿಲ್ಲಿಸಬಾರದು.

ಸ್ಟ್ರಾಂಗ್ ಸಂಖ್ಯೆಗಳು ಕಿಂಗ್ ಜೇಮ್ಸ್ ಅನುವಾದದ ಮೇಲೆ ನಿಂತವು. ಆ ಲೆಕ್ಕದಲ್ಲಿ ಸ್ಕೊತಿಝೋ ಎಂಟು ಸಲ ಬರುತ್ತದೆ: ಮತ್ತಾಯ 24:29, ಮಾರ್ಕ 13:24, ಲೂಕ 23:45, ರೋಮಾಪುರದವರಿಗೆ 1:21 ಮತ್ತು 11:10, ಎಫೆಸದವರಿಗೆ 4:18, ಪ್ರಕಟನೆ 8:12 ಮತ್ತು 9:2. ಸ್ಕೊತೊಓ ಒಂದೇ ಸಲ, ಪ್ರಕಟನೆ 16:10ರಲ್ಲಿ. ನೆಸ್ಲೆ-ಆಲಂಡ್ ಪಾಠದಲ್ಲಿ ಲೆಕ್ಕ ಬದಲಾಗುತ್ತದೆ. ಎಫೆಸ 4:18 ಮತ್ತು ಪ್ರಕಟನೆ 9:2 ಸ್ಕೊತೊಓ ಕಡೆಗೆ ಹೋಗುತ್ತವೆ, ಲೂಕ 23:45ರಲ್ಲಿ ಪದವೇ ಬೇರೆ. ಅಲ್ಲಿಗೆ ಸ್ಕೊತಿಝೋ ಐದು, ಸ್ಕೊತೊಓ ಮೂರು. ಎರಡು ಪುಸ್ತಕಗಳ ಲೆಕ್ಕ ತಾಳೆಯಾಗದಿದ್ದಾಗ ಯಾವುದೋ ಒಂದು ತಪ್ಪೆಂದು ಬೇಸರಪಡಬೇಕಿಲ್ಲ. ಎಣಿಸಿದ ಪಾಠ ಬೇರೆ, ಅಷ್ಟೇ.

ಸ್ಕೊತಿಝೋ ಮತ್ತು ಸ್ಕೊತೊಓ ಇವುಗಳ ನಡುವೆ ಆಳವಾದ ವ್ಯತ್ಯಾಸ ಹುಡುಕುವ ಆಸೆ ಹಲವರಿಗೆ ಇರುತ್ತದೆ. ಎರಡೂ ‘ಸ್ಕೊತೊಸ್’ ಎಂಬ ನಾಮಪದಕ್ಕೆ ಬೇರೆ ಬೇರೆ ಪ್ರತ್ಯಯ ಹತ್ತಿ ಆದ ಕ್ರಿಯಾಪದಗಳು, ಎರಡಕ್ಕೂ ‘ಕತ್ತಲು ಮಾಡು’ ಎಂದೇ ಅರ್ಥ. ಪ್ರತಿ ಬರೆದ ಲಿಪಿಕಾರರು ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದಿದ್ದಾರೆ ಎಂಬುದೇ ಅವರ ಕಿವಿಗೆ ಎರಡೂ ಒಂದೇ ಎಂದು ಕೇಳುತ್ತಿತ್ತು ಎನ್ನುವುದಕ್ಕೆ ಸಾಕ್ಷಿ. ಎಫೆಸ 4:18ರಲ್ಲಿ ಸಿನಾಯ್ಟಿಕಸ್, ವ್ಯಾಟಿಕನಸ್ ಎಂಬ ಹಳೆಯ ಕೈಬರಹದ ಪ್ರತಿಗಳು ಎಸ್ಕೊತೋಮೆನೊಯ್ ಎನ್ನುತ್ತವೆ, ಟೆಕ್ಸ್ಟಸ್ ರಿಸೆಪ್ಟಸ್ ಎಸ್ಕೊತಿಸ್ಮೆನೊಯ್ ಎನ್ನುತ್ತದೆ. ಈ ವ್ಯತ್ಯಾಸದ ಮೇಲೆ ಪ್ರಸಂಗ ಕಟ್ಟಬೇಡಿ.

ರೂಪ ನೋಡುವುದು

ಮೊದಲು ಕಣ್ಣಿಗೆ ಬೀಳಬೇಕಾದ ಸಂಗತಿ: ಹೊಸ ಒಡಂಬಡಿಕೆಯಲ್ಲಿ ಈ ಎರಡೂ ಕ್ರಿಯಾಪದಗಳು ಕರ್ತರಿಯಲ್ಲಿ ಒಮ್ಮೆಯೂ ಬರುವುದಿಲ್ಲ. ಬಂದಲ್ಲೆಲ್ಲ ಕರ್ಮಣಿ ರೂಪವೇ. ‘ಇಂಥವನು ಕತ್ತಲು ಮಾಡಿದನು’ ಎನ್ನುವ ವಾಕ್ಯ ಎಲ್ಲೂ ಇಲ್ಲ. ‘ಕತ್ತಲಾಯಿತು’, ‘ಕತ್ತಲಾಗುವದು’ ಎಂದೇ ಇದೆ.

ಮತ್ತಾಯ 24:29 ಮತ್ತು ಮಾರ್ಕ 13:24ರಲ್ಲಿ ಸ್ಕೊತಿಸ್ಥೇಸೆತೈ, ಭವಿಷ್ಯತ್ ಕಾಲ. ರೋಮಾ 1:21ರಲ್ಲಿ ಎಸ್ಕೊತಿಸ್ಥೇ, ಗ್ರೀಕಿನವರು ಆಯೊರಿಸ್ಟ್ ಎನ್ನುವ ಭೂತರೂಪ. ರೋಮಾ 11:10ರಲ್ಲಿ ಸ್ಕೊತಿಸ್ಥೇತೋಸನ್, ಪ್ರಥಮ ಪುರುಷ ಬಹುವಚನದ ವಿಧಿರೂಪ. ಪ್ರಕಟನೆ 8:12ರಲ್ಲಿ ‘ಹಿನಾ’ ಜೊತೆಗೆ ಸ್ಕೊತಿಸ್ಥೇ, ‘ಕತ್ತಲಾಗುವಂತೆ’. ಎಫೆಸ 4:18ರ ಎಸ್ಕೊತೋಮೆನೊಯ್ ಮತ್ತು ಪ್ರಕಟನೆ 16:10ರ ಎಸ್ಕೊತೋಮೆನೇ ಪರ್ಫೆಕ್ಟ್ ಕೃದಂತಗಳು, ಅಂದರೆ ‘ಕತ್ತಲಾಗಿ ಹಾಗೇ ಇರುವ’.

ಇಲ್ಲಿ ಕಾಲು ಜಾರುವ ಜಾಗಗಳು ಎರಡು. ಒಂದು, ಸ್ಕೊತಿಝೋದ ‘ಝ’ ಈ ರೂಪಗಳಲ್ಲಿ ಕಾಣುವುದಿಲ್ಲ, ‘ಥ’ ಮುಂದೆ ಬಂದಾಗ ಅದು ‘ಸ’ ಆಗುತ್ತದೆ. ಆದ್ದರಿಂದ ಅಕ್ಷರ ಹಿಡಿದು ಹುಡುಕಿದರೆ ಏನೂ ಸಿಗುವುದಿಲ್ಲ, ಪದದ ಮೂಲರೂಪ ಅಥವಾ ಸ್ಟ್ರಾಂಗ್ ಸಂಖ್ಯೆ ಹಿಡಿದೇ ಹುಡುಕಬೇಕು. ಎರಡು, ಎಸ್ಕೊತಿಸ್ಥೇ ಮತ್ತು ಎಸ್ಕೊತೋಮೆನೊಯ್ ಎರಡರ ಮುಂದೆಯೂ ‘ಎ’ ಇದೆ. ಮೊದಲನೆಯದರಲ್ಲಿ ಅದು ಭೂತಕಾಲದ ಗುರುತು. ಎರಡನೆಯದರಲ್ಲಿ ಪರ್ಫೆಕ್ಟಿನ ದ್ವಿತ್ವದ (ಮೊದಲ ವ್ಯಂಜನ ಎರಡು ಸಲ ಬರುವುದರ) ಬದಲು ಬಂದದ್ದು, ಏಕೆಂದರೆ ‘ಸ್ಕ’ದಂಥ ಜೋಡಿ ವ್ಯಂಜನದಿಂದ ಶುರುವಾಗುವ ಕ್ರಿಯಾಪದಕ್ಕೆ ಪೂರ್ಣ ದ್ವಿತ್ವ ಆಗುವುದಿಲ್ಲ. ಎರಡನ್ನೂ ‘ಹಿಂದೆ ಆಗಿಹೋದದ್ದು’ ಎಂದು ಓದಿದರೆ ಎಫೆಸದ ವಚನದ ಜೀವವೇ ಹೋಗುತ್ತದೆ. ಆಯೊರಿಸ್ಟ್ ಎಂದರೆ ‘ಒಂದೇ ಸಲ, ಶಾಶ್ವತವಾಗಿ’ ಎಂಬ ಮಾತು ಬೋಧನೆಗಳಲ್ಲಿ ತುಂಬ ಓಡಾಡುತ್ತದೆ. ಆ ರೂಪ ಅಷ್ಟು ಹೇಳುವುದಿಲ್ಲ. ಕ್ರಿಯೆ ನಡೆಯಿತು ಎಂದಷ್ಟೇ ಹೇಳಿ ಬಿಡುತ್ತದೆ.

ಹಳೆಯ ಒಡಂಬಡಿಕೆಯ ಹಿನ್ನೆಲೆ

ಈ ಹೆಜ್ಜೆ ಬಿಟ್ಟರೆ ಸೂರ್ಯ ಕತ್ತಲಾಗುವ ವಚನಗಳು ಅರ್ಥವಾಗುವುದಿಲ್ಲ. ಹೀಬ್ರೂವಿನ ‘ಖಾಶಖ್’ (ಕತ್ತಲಾಗು) ಎಂಬ ಕ್ರಿಯಾಪದಕ್ಕೆ ಸೆಪ್ಟುಅಜಿಂಟ್ ಹಲವು ಕಡೆ ಸ್ಕೊತಿಝೋ ಬಳಸುತ್ತದೆ. ನೋಡಲೇಬೇಕಾದವು ಮೂರು. ಯೆಶಾಯ 13:10: ಸೂರ್ಯ ಹುಟ್ಟುವಾಗಲೇ ಕತ್ತಲಾಗುವನು. ಪ್ರಸಂಗಿ 12:2: ಸೂರ್ಯನೂ ಬೆಳಕೂ ಕತ್ತಲಾಗುವ ಮುನ್ನ, ಅಂದರೆ ಮುಪ್ಪು ಬರುವ ಮುನ್ನ. ಕೀರ್ತನೆ 69:23: ಕಾಣದಂತೆ ಅವರ ಕಣ್ಣುಗಳು ಕತ್ತಲಾಗಲಿ.

ಕೀರ್ತನೆಯಲ್ಲಿ ಸಂಖ್ಯೆಯ ತೊಡಕಿದೆ. ಕನ್ನಡ ಬೈಬಲಿನ 69:23 ಹೀಬ್ರೂ ಮುದ್ರಣಗಳಲ್ಲಿ 69:24, ಏಕೆಂದರೆ ಅಲ್ಲಿ ಶಿರೋನಾಮೆಯನ್ನೂ ಒಂದು ವಚನವಾಗಿ ಎಣಿಸುತ್ತಾರೆ. ಸೆಪ್ಟುಅಜಿಂಟ್‌ನಲ್ಲಿ ಅದೇ 68:24, ಏಕೆಂದರೆ ಅಲ್ಲಿ 9 ಮತ್ತು 10ನೇ ಕೀರ್ತನೆಗಳು ಒಂದೇ ಆಗಿ ಮುಂದಿನ ಬಹುಪಾಲು ಸಂಖ್ಯೆಗಳು ಒಂದು ಹಿಂದೆ ಸರಿದಿವೆ. ಗ್ರೀಕ್ ಪಾಠದಲ್ಲಿ 69:23 ತೆರೆದು ‘ಪದ ಇಲ್ಲಿಲ್ಲವಲ್ಲ’ ಎಂದು ನಿಲ್ಲುವವರು ಇದೇ ಕಾರಣಕ್ಕೆ ನಿಲ್ಲುತ್ತಾರೆ.

ಯೋವೇಲ 2:10, ಯೆಹೆಜ್ಕೇಲ 32:7, ಆಮೋಸ 8:9 ಕೂಡ ಬೆಳಕು ಕತ್ತಲಾಗುವ ವಚನಗಳೇ. ಆದರೆ ಸೆಪ್ಟುಅಜಿಂಟ್ ಅಲ್ಲಿ ಸುಸ್ಕೊತಾಝೋ ಎಂಬ ಬೇರೆ ಕ್ರಿಯಾಪದ ಬಳಸಿದೆ. 4654ರ ಬೆನ್ನು ಹತ್ತಿದವರಿಗೆ ಇವು ಕಾಣುವುದೇ ಇಲ್ಲ. ಪದದ ಜೊತೆಗೆ ವಿಷಯವನ್ನೂ ಹುಡುಕಬೇಕು ಎನ್ನುವುದು ಇದಕ್ಕೇ.

ಸೂರ್ಯ ಕತ್ತಲಾಗುವ ವಚನಗಳು

ಮತ್ತಾಯ 24:29ರ ಮಾತುಗಳು ಯೆಶಾಯ 13:10ರಿಂದ ಬಂದವು. ಯೆಶಾಯ 13ರ ಮೊದಲ ವಚನವೇ ಆ ಅಧ್ಯಾಯ ಬಾಬೆಲಿನ ವಿಷಯವಾದ ದೈವೋಕ್ತಿ ಎಂದು ಹೇಳುತ್ತದೆ. ಒಂದು ಸಾಮ್ರಾಜ್ಯ ಕುಸಿಯುವುದನ್ನು ಪ್ರವಾದಿ ಆಕಾಶವೇ ಕತ್ತಲಾದಂತೆ ಹಾಡುತ್ತಾನೆ. ಯೆಹೆಜ್ಕೇಲ 32ರಲ್ಲಿ ಅದೇ ಚಿತ್ರ ಐಗುಪ್ತದ ಫರೋಹನಿಗೆ ಬಂದಿದೆ. ಆದ್ದರಿಂದ ಮತ್ತಾಯ 24ನ್ನು ಓದುವಾಗ ‘ಸೂರ್ಯನೆಂಬ ನಕ್ಷತ್ರ ಆರಿಹೋಗುತ್ತದೆ’ ಎಂದು ಖಗೋಳ ಪಾಠ ಮಾಡುವುದಕ್ಕೆ ಮುಂಚೆ ಈ ಪ್ರವಾದಿಗಳ ಭಾಷೆಯನ್ನು ಕೇಳಿಸಿಕೊಳ್ಳಬೇಕು. ಅದು ಬರೀ ಅಲಂಕಾರವೇ ಅಥವಾ ಕಣ್ಣಿಗೆ ಕಾಣುವ ಘಟನೆಯೂ ಹೌದೇ ಎಂಬುದರಲ್ಲಿ ವ್ಯಾಖ್ಯಾನಕಾರರು ಒಪ್ಪುವುದಿಲ್ಲ. ಸ್ಕೊತಿಝೋ ಎಂಬ ಪದ ಒಂದರಿಂದಲೇ ಆ ವಾದ ತೀರುವುದಿಲ್ಲ.

ಪ್ರಕಟನೆ 9:2ರಲ್ಲಿ ಕಾರಣವನ್ನು ವಚನವೇ ಕೊಡುತ್ತದೆ: ಅಧೋಲೋಕದ ಕೂಪದಿಂದ ಎದ್ದ ಹೊಗೆಯಿಂದ ಸೂರ್ಯನೂ ವಾಯುಮಂಡಲವೂ ಕತ್ತಲಾದವು. ಇಲ್ಲಿ ಸೂರ್ಯ ಆರಿಲ್ಲ, ಮರೆಯಾಗಿದ್ದಾನೆ. ಪ್ರಕಟನೆ 8:12ರಲ್ಲಿ ಸೂರ್ಯ, ಚಂದ್ರ, ನಕ್ಷತ್ರಗಳ ಮೂರರಲ್ಲೊಂದು ಭಾಗಕ್ಕೆ ಪೆಟ್ಟು ಬಿದ್ದು ಅಷ್ಟೇ ಭಾಗ ಕತ್ತಲಾಗುತ್ತದೆ. ಪ್ರಕಟನೆ 16:10ರಲ್ಲಿ ಮೃಗದ ರಾಜ್ಯವೇ ಕತ್ತಲು. ಇವುಗಳ ಹಿಂದೆ ವಿಮೋಚನಕಾಂಡ 10:21–23ರ ಐಗುಪ್ತದ ಕತ್ತಲು ಇದೆ. ಪ್ರಕಟನೆ 6:12ನ್ನು ಮಾತ್ರ ಈ ಹಾಳೆಗೆ ಸೇರಿಸಬೇಡಿ. ಅಲ್ಲಿ ಸೂರ್ಯ ಕಂಬಳಿಯಂತೆ ‘ಮೆಲಾಸ್’ ಆದನು, ಅಂದರೆ ಬಣ್ಣದಲ್ಲಿ ಕಪ್ಪಾದನು. ಪದ ಬೇರೆ, ಚಿತ್ರವೂ ಬೇರೆ.

ಲೂಕ 23:45ರಲ್ಲಿ ನಿಧಾನಿಸಬೇಕು. ಟೆಕ್ಸ್ಟಸ್ ರಿಸೆಪ್ಟಸ್ ‘ಸೂರ್ಯನು ಕತ್ತಲಾದನು’ (ಎಸ್ಕೊತಿಸ್ಥೇ) ಎನ್ನುತ್ತದೆ. ಅಲೆಗ್ಸಾಂಡ್ರಿನಸ್ ಪ್ರತಿಯೂ ನಂತರದ ಬಹುಪಾಲು ಪ್ರತಿಗಳೂ ಹಾಗೇ. 75ನೇ ಪಪೈರಸ್, ಸಿನಾಯ್ಟಿಕಸ್ ಮುಂತಾದ ಹಳೆಯ ಪ್ರತಿಗಳಲ್ಲಿ ಎಕ್ಲೆಯ್ಪೋ ಎಂಬ ಕ್ರಿಯಾಪದವಿದೆ. ಅದಕ್ಕೆ ‘ಇಲ್ಲವಾಗು, ಕುಂದು’ ಎಂದು ಅರ್ಥ, ಗ್ರಹಣಕ್ಕೂ ಗ್ರೀಕರು ಬಳಸುತ್ತಿದ್ದ ಮಾತು ಅದೇ. ಈ ವಚನ ಯೇಸು ಶಿಲುಬೆಯ ಮೇಲಿದ್ದ ಹೊತ್ತಿನದು, ಅದು ಪಸ್ಕಹಬ್ಬದ ಸಮಯ; ಆ ಹಬ್ಬ ಬೀಳುವುದು ಹುಣ್ಣಿಮೆಯ ಹೊತ್ತಿಗೆ. ಸೂರ್ಯಗ್ರಹಣ ಅಮಾವಾಸ್ಯೆಯಲ್ಲದೆ ಆಗುವುದಿಲ್ಲ ಎಂಬುದು ಪಂಚಾಂಗ ನೋಡುವ ಯಾರಿಗಾದರೂ ಗೊತ್ತು. ಪೂರ್ಣ ಗ್ರಹಣ ಎಂಟು ನಿಮಿಷ ತುಂಬುವಷ್ಟೂ ಇರುವುದಿಲ್ಲ, ಇಲ್ಲಿನ ಕತ್ತಲಾದರೋ ಮಧ್ಯಾಹ್ನ ಹನ್ನೆರಡರಿಂದ ಮೂರರ ತನಕ. ಮೂರನೇ ಶತಮಾನದ ಕ್ರೈಸ್ತ ಇತಿಹಾಸಕಾರ ಜೂಲಿಯಸ್ ಆಫ್ರಿಕಾನಸ್ ಕೂಡ ಗ್ರಹಣ ಎನ್ನುವ ವಿವರಣೆಯನ್ನು ಇದೇ ಹುಣ್ಣಿಮೆಯ ಕಾರಣ ಕೊಟ್ಟು ತಳ್ಳಿಹಾಕಿದ. ‘ಗ್ರಹಣ’ ಎಂದು ಕೇಳಿಸುವ ಪದವನ್ನು ಲಿಪಿಕಾರನೊಬ್ಬ ತೆಗೆದು ನಿರಪಾಯವಾದ ‘ಕತ್ತಲಾದನು’ ಹಾಕಿರುವುದು ಸಹಜ, ಅದಕ್ಕೆ ವಿರುದ್ಧ ದಿಕ್ಕಿನ ಬದಲಾವಣೆಗೆ ಕಾರಣ ಹೇಳುವುದು ಕಷ್ಟ. ಹಾಗಾಗಿ ಎಕ್ಲೆಯ್ಪೋ ಮೂಲ ಪಾಠ ಎನ್ನುವುದೇ ಗಟ್ಟಿಯಾದ ನಿಲುವು. ಕನ್ನಡದಲ್ಲಿ ಅದಕ್ಕೆ ‘ಗ್ರಹಣ ಹಿಡಿಯಿತು’ ಎನ್ನಬಾರದು, ‘ಸೂರ್ಯನ ಬೆಳಕು ಇಲ್ಲದೆ ಹೋಯಿತು’ ಎಂದರೆ ಸಾಕು.

ರೋಮಾ 1:21: ಮನಸ್ಸು ಕತ್ತಲಾದದ್ದು

ಈ ವಚನಕ್ಕೆ ಹೆಚ್ಚು ಹೊತ್ತು ಕೊಡಿ. ಕ್ರಿಯಾಪದಗಳನ್ನು ಬಂದ ಕ್ರಮದಲ್ಲೇ ಬರೆದುಕೊಳ್ಳಿ: ದೇವರನ್ನು ಅರಿತಿದ್ದರೂ, ಆತನನ್ನು ಘನಪಡಿಸಲಿಲ್ಲ, ಉಪಕಾರ ನೆನೆಯಲಿಲ್ಲ, ತಮ್ಮ ಆಲೋಚನೆಗಳಲ್ಲಿ ವ್ಯರ್ಥರಾದರು (ಎಮತೈಓಥೇಸನ್), ಅವರ ವಿವೇಕವಿಲ್ಲದ ಮನಸ್ಸು ಕತ್ತಲಾಯಿತು (ಎಸ್ಕೊತಿಸ್ಥೇ). ಮುಂದಿನ ವಚನದಲ್ಲಿ: ಮೂಢರಾದರು (ಎಮೋರಾನ್ಥೇಸನ್). ಕೊನೆಯ ಮೂರೂ ಕರ್ಮಣಿ ರೂಪಗಳು. ಅದಕ್ಕೆ ಮೊದಲಿನ ‘ಘನಪಡಿಸಲಿಲ್ಲ, ನೆನೆಯಲಿಲ್ಲ’ ಮತ್ತು ಆಮೇಲಿನ 23ನೇ ವಚನದ ‘ಬದಲಾಯಿಸಿಕೊಂಡರು’ ಕರ್ತರಿ. ಅಂದರೆ ಅವರು ಮಾಡಿದ್ದು ಒಂದು, ಅದರಿಂದ ಅವರಿಗೆ ಆದದ್ದು ಇನ್ನೊಂದು. ಕತ್ತಲು ಎರಡನೆಯದಕ್ಕೆ ಸೇರಿದ್ದು.

ಕನ್ನಡದ ಓದುಗರಿಗೆ ಇಲ್ಲೊಂದು ವಿಶೇಷ ಅಡ್ಡಿ ಇದೆ. ನಮ್ಮಲ್ಲಿ ಕತ್ತಲು ಎಂದರೆ ತಟ್ಟನೆ ಅಜ್ಞಾನ ನೆನಪಾಗುತ್ತದೆ. ‘ತಮಸೋ ಮಾ ಜ್ಯೋತಿರ್ಗಮಯ’ ಕೇಳಿ ಬೆಳೆದ ಕಿವಿಗೆ ತಿಳಿವಿಲ್ಲದ ಸ್ಥಿತಿಯೇ ಕತ್ತಲು, ತಿಳಿದೊಡನೆ ಅದು ಹರಿಯುತ್ತದೆ. ಈ ಪತ್ರ ಬರೆದ ಪೌಲನ ವಾಕ್ಯ ಆ ಕ್ರಮದಲ್ಲಿಲ್ಲ. ಅವರು ‘ಗ್ನೊಂತೆಸ್’, ಅರಿತವರು. ತಿಳಿವು ಮೊದಲೇ ಇತ್ತು, ಉಪಕಾರ ಸ್ಮರಣೆ ಇರಲಿಲ್ಲ. ಕತ್ತಲು ಬಂದದ್ದು ಆಮೇಲೆ. ‘ಗೊತ್ತಿಲ್ಲದ್ದರಿಂದ ಮನಸ್ಸು ಕತ್ತಲಾಯಿತು’ ಎಂದು ವಿವರಿಸಿದರೆ ವಚನ ತಲೆಕೆಳಗಾಗುತ್ತದೆ.

‘ವ್ಯರ್ಥರಾದರು’ ಎಂಬ ಪದವನ್ನೂ ಹಿಂಬಾಲಿಸಿ. ಯೆರೆಮೀಯ 2:5ರ ಗ್ರೀಕಿನಲ್ಲಿ ಅದೇ ರೂಪವಿದೆ: ವ್ಯರ್ಥವಾದವುಗಳ ಹಿಂದೆ ಹೋಗಿ ವ್ಯರ್ಥರಾದರು. ಅಲ್ಲಿ ಆ ಮಾತು ಇಸ್ರಾಯೇಲ್ಯರ ಪಿತೃಗಳಿಗೆ ಹೇಳಿದ್ದು. ರೋಮಾ 1:23ರ ‘ಮಹಿಮೆಯನ್ನು ಬದಲಾಯಿಸಿದರು’ ಎಂಬುದೂ ಕೀರ್ತನೆ 106:20ರಲ್ಲಿ ಇಸ್ರಾಯೇಲ್ಯರು ಹೋರಿಕರುವಿನ ಮುಂದೆ ಬಿದ್ದದ್ದಕ್ಕೆ ಹೇಳಿದ ಮಾತು. ಹಾಗಾಗಿ ಈ ಭಾಗವನ್ನು ‘ಅವರು ಕತ್ತಲೆಯಲ್ಲಿದ್ದಾರೆ’ ಎಂದು ನೆರೆಹೊರೆಯ ಬೇರೆ ಧರ್ಮದವರ ಕಡೆ ಬೆರಳು ತೋರಿಸಲು ಬಳಸುವುದು ಪತ್ರದ ನಡೆಗೇ ವಿರೋಧ. 2:1ರಲ್ಲಿ ಪೌಲ ತೀರ್ಪುಮಾಡುವವನ ಕಡೆಗೇ ತಿರುಗುತ್ತಾನೆ. 2:19ರಲ್ಲಿ ‘ಕತ್ತಲೆಯಲ್ಲಿರುವವರಿಗೆ ನಾನೇ ಬೆಳಕು’ ಎಂದು ನಂಬಿಕೊಂಡವನನ್ನು, ಇನ್ನೊಬ್ಬನಿಗೆ ಬೋಧಿಸುವ ನೀನು ನಿನಗೆ ನೀನೇ ಬೋಧಿಸಿಕೊಂಡೆಯಾ ಎಂದು ಕೇಳುತ್ತಾನೆ. 1:21ನ್ನು ಬೋಧಿಸುವ ದಿನ 2:19–21ನ್ನೂ ಕಡ್ಡಾಯವಾಗಿ ಓದಬೇಕು.

ಕತ್ತಲು ಮಾಡಿದವನು ದೇವರೇ? ಕರ್ತೃವನ್ನು ಹೇಳದ ಕರ್ಮಣಿಯ ಹಿಂದೆ ದೇವರೇ ಇದ್ದಾನೆಂದು ಓದುವ ಪದ್ಧತಿ ಬೈಬಲ್ ವ್ಯಾಖ್ಯಾನದಲ್ಲಿ ಇದೆ. ಆದರೆ ಈ ಅಧ್ಯಾಯದಲ್ಲಿ ದೇವರು ಮಾಡಿದ್ದನ್ನು ಹೇಳಬೇಕಾದಾಗ ಪೌಲ ಹೆಸರು ಹಿಡಿದೇ ಹೇಳುತ್ತಾನೆ: ‘ದೇವರು ಅವರನ್ನು ಒಪ್ಪಿಸಿಬಿಟ್ಟನು’ ಎಂದು 24, 26, 28ನೇ ವಚನಗಳಲ್ಲಿ ಮೂರು ಸಲ. 21ರಲ್ಲಿ ಹಾಗಿಲ್ಲ. ಕಾರಣದ ಅಂಕಣದಲ್ಲಿ ‘ಘನಪಡಿಸಲಿಲ್ಲ, ಉಪಕಾರ ನೆನೆಯಲಿಲ್ಲ’ ಎಂದಷ್ಟೇ ಬರೆಯಿರಿ.

ಇಲ್ಲಿ ಕತ್ತಲಾದದ್ದಕ್ಕೆ ಗ್ರೀಕಿನಲ್ಲಿ ಇರುವ ‘ಕಾರ್ದಿಯಾ’ (ಹೃದಯ) ಎಂಬ ಪದಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂಬುದೂ ಇಲ್ಲಿಯೇ ನಿರ್ಧಾರವಾಗಬೇಕು. ಬೈಬಲಿನ ಬಳಕೆಯಲ್ಲಿ ಅದು ಯೋಚಿಸುವ, ತೀರ್ಮಾನಿಸುವ ಜಾಗ. ಕನ್ನಡದ ‘ಹೃದಯ’ ಭಾವನೆಯ ಕಡೆ ವಾಲುತ್ತದೆ. ‘ಅಂತಃಕರಣ’ ಎಂದರೆ ಆಡುಮಾತಿನಲ್ಲಿ ಕರುಣೆ ಎಂದಾಗಿಬಿಟ್ಟಿದೆ. ಈ ವಚನಕ್ಕೆ ‘ಮನಸ್ಸು’ ಸರಿ ಹೊಂದುತ್ತದೆ.

ಎಫೆಸ 4:18: ಕವಿದೇ ಇರುವ ಕತ್ತಲು

ಇಲ್ಲಿ ಕತ್ತಲಾದದ್ದು ‘ದಿಯಾನೊಯಾ’, ಬುದ್ಧಿ. ರೂಪ ಪರ್ಫೆಕ್ಟ್, ಜೊತೆಗೆ ‘ಒಂತೆಸ್’ (ಇರುವವರು) ಎಂಬ ಪದವೂ ಸೇರಿ ಸ್ಥಿತಿಯನ್ನು ಒತ್ತಿ ಹೇಳುತ್ತದೆ. ರೋಮಾದಲ್ಲಿ ಕತ್ತಲಾದ ಗಳಿಗೆ ಕಂಡರೆ ಎಫೆಸದಲ್ಲಿ ಕತ್ತಲು ಮನೆಮಾಡಿಕೊಂಡ ಬಾಳು ಕಾಣುತ್ತದೆ. ಕಾರಣದ ಅಂಕಣ ಈ ವಚನದಲ್ಲಿ ತುಂಬಿರುತ್ತದೆ: ಅವರಲ್ಲಿರುವ ಅಜ್ಞಾನದಿಂದ, ಹೃದಯದ ‘ಪೋರೋಸಿಸ್’ನಿಂದ. ಪೋರೋಸಿಸ್ ಎಂದರೆ ಗಟ್ಟಿಯಾಗುವುದು, ಜಡ್ಡುಗಟ್ಟುವುದು. 19ನೇ ವಚನದಲ್ಲಿ ಅವರು ನೋವಿನ ಅರಿವನ್ನೂ ಕಳೆದುಕೊಂಡವರು. ಅಜ್ಞಾನ ಇಲ್ಲಿ ಹೆಸರು ಹೇಳಿಸಿಕೊಂಡಿದೆ ನಿಜ, ಆದರೆ ಅದು ಜಡ್ಡುಗಟ್ಟಿದ ಹೃದಯದ ಪಕ್ಕದಲ್ಲೇ ನಿಂತಿದೆ.

ರೋಮಾ 1ರ ಪಕ್ಕಕ್ಕಿಟ್ಟು ನೋಡಬೇಕಾದ ಇನ್ನೊಂದು ಪದ ‘ಒಪ್ಪಿಸು’. ರೋಮಾದಲ್ಲಿ ದೇವರು ಅವರನ್ನು ಒಪ್ಪಿಸಿಬಿಟ್ಟನು. ಎಫೆಸ 4:19ರಲ್ಲಿ ಅದೇ ಕ್ರಿಯಾಪದ, ಆದರೆ ಅವರು ತಮ್ಮನ್ನು ತಾವೇ ಒಪ್ಪಿಸಿಕೊಂಡರು. ಯಾರು ಮಾಡಿದ್ದು ಎಂಬ ಪ್ರಶ್ನೆಗೆ ಒಂದೇ ವಚನದಿಂದ ಉತ್ತರ ಕೊಡಲು ಹೋಗುವವರಿಗೆ ಈ ಜೋಡಿಯನ್ನು ತೋರಿಸಬೇಕು.

ಇದಕ್ಕೆ ಎದುರುಪದ ಅದೇ ಪತ್ರದಲ್ಲಿದೆ. 1:18ರಲ್ಲಿ ‘ಪೆಫೋತಿಸ್ಮೆನೂಸ್’, ಹೃದಯದ ಕಣ್ಣುಗಳು ಬೆಳಗಿಸಲ್ಪಟ್ಟು ಹಾಗೇ ಇರುವುದು. ಅದೂ ಕರ್ಮಣಿ, ಅದೂ ಪರ್ಫೆಕ್ಟ್ ಕೃದಂತ. ಫೋತಿಝೋ (ಬೆಳಗಿಸು) ಮತ್ತು ಸ್ಕೊತಿಝೋ ಒಂದೇ ಎರಕದ ಪದಗಳು. ಎರಡನ್ನೂ ಒಂದೇ ಪುಟದಲ್ಲಿ ಬರೆದುಕೊಳ್ಳಿ.

ರೋಮಾ 11:10

ಪೌಲ ಇಲ್ಲಿ ಕೀರ್ತನೆ 69ನ್ನು ಉದ್ಧರಿಸುತ್ತಾನೆ. ಇಂಗ್ಲಿಷ್ ಅನುವಾದಗಳಲ್ಲಿ ಈ ವಿಧಿರೂಪ ‘ಕತ್ತಲಾಗಲು ಬಿಡು’ ಎಂದು ಅಪ್ಪಣೆ ಕೊಟ್ಟಂತೆ ಕೇಳಿಸುವ ಅಪಾಯವಿದೆ. ಕನ್ನಡಕ್ಕೆ ಆ ತೊಂದರೆ ಇಲ್ಲ. ನಮ್ಮ ‘ಆಗಲಿ’ ಎಂಬ ರೂಪ ಗ್ರೀಕಿನ ಪ್ರಥಮ ಪುರುಷದ ವಿಧಿರೂಪಕ್ಕೆ ನೇರವಾಗಿ ಕೂರುತ್ತದೆ: ‘ಕಾಣದಂತೆ ಅವರ ಕಣ್ಣುಗಳು ಕತ್ತಲಾಗಲಿ’. ಇಂಗ್ಲಿಷಿನಿಂದ ಅನುವಾದಿಸದೆ ಗ್ರೀಕಿನಿಂದ ನೇರ ಬಂದರೆ ಇಂಥ ಕಡೆ ಕೆಲಸ ಹಗುರ.

ಯೆಹೂದ್ಯರ ಮೇಲೆ ಶಾಶ್ವತ ಶಾಪ ಎಂದು ಈ ವಚನವನ್ನು ಕತ್ತರಿಸಿ ತೆಗೆದು ಬಳಸಿದ ದುಃಖದ ಇತಿಹಾಸ ಸಭೆಗಿದೆ. ಮುಂದಿನ ವಚನದಲ್ಲೇ, ಅವರು ಬಿದ್ದೇ ಹೋಗುವಂತೆ ಎಡವಿದರೋ ಎಂದು ಕೇಳಿ ಪೌಲ ‘ಎಂದಿಗೂ ಇಲ್ಲ’ ಎನ್ನುತ್ತಾನೆ. 11:25ರಲ್ಲಿ ಜಡ್ಡುಗಟ್ಟಿದ್ದು ‘ಒಂದು ಪಾಲಿಗೆ’ ಮಾತ್ರ, ಅದಕ್ಕೊಂದು ಅವಧಿಯೂ ಇದೆ. 11:10ನ್ನು ಓದಿ ಅಲ್ಲಿಗೇ ಪುಸ್ತಕ ಮುಚ್ಚಬಾರದು.

ಅರ್ಥ ಕೆಡುವ ಬಗೆಗಳು

ಹೊಸ ಗ್ರೀಕಿನಲ್ಲಿ ‘ಸ್ಕೊತೋನೋ’ ಎಂದರೆ ಕೊಲ್ಲು. ಅದು ಸ್ಕೊತೊಓದಿಂದಲೇ ಬಂದದ್ದು. ಇದನ್ನು ಓದಿದವರು ಎಫೆಸ 4:18ಕ್ಕೆ ‘ಬುದ್ಧಿ ಸತ್ತವರು’ ಎಂದು ಅರ್ಥ ಹಚ್ಚಿಬಿಡುತ್ತಾರೆ. ಆಮೇಲಿನ ಕಾಲದ ಅರ್ಥವನ್ನು ಮೊದಲನೇ ಶತಮಾನದ ಪತ್ರಕ್ಕೆ ತುಂಬಲಾಗದು. ಹೋಮರನ ‘ಇಲಿಯಡ್’ನಲ್ಲಿ ವೀರರು ಸಾಯುವಾಗ ಕತ್ತಲು ಅವರ ಕಣ್ಣು ಮುಚ್ಚುತ್ತದೆ ಎನ್ನುವುದು ನಿಜ, ಆದರೆ ಅದು ಆ ಕಾವ್ಯದ ಮಾತು.

ಗ್ರೀಕಿನಲ್ಲಿ ಈ ಪದಕುಟುಂಬಕ್ಕೆ ತಲೆಸುತ್ತುವ ಅರ್ಥವೂ ಇದೆ. ಪ್ಲೇಟೋನ ‘ಥಿಯೇಟಿಟಸ್’ ಸಂವಾದದಲ್ಲಿ ಯುವಕನೊಬ್ಬ ಒಗಟುಗಳನ್ನು ನೋಡಿ ತನಗೆ ತಲೆ ಸುತ್ತುತ್ತದೆ ಎನ್ನಲು ಇದೇ ಕುಟುಂಬದ ಪದ ಬಳಸುತ್ತಾನೆ. ಕಣ್ಣಿನ ವೈದ್ಯರು ಹೇಳುವ ‘ಸ್ಕೊಟೋಮ’ ಕೂಡ ಇದೇ ಬೇರಿನದು. ‘ಕಣ್ಣು ಕತ್ತಲೆ ಬಂತು’ ಎಂದು ತಲೆಸುತ್ತಿಗೆ ಹೇಳುವ ಕನ್ನಡಿಗರಿಗೆ ಇದು ಸೊಗಸಾಗಿ ಕಾಣುತ್ತದೆ. ಆದರೂ ಪೌಲನ ವಾಕ್ಯಗಳಲ್ಲಿ ತಲೆಸುತ್ತಿನ ಸುಳಿವಿಲ್ಲ. ಒಂದು ಪದಕ್ಕೆ ಇರುವ ಅರ್ಥಗಳನ್ನೆಲ್ಲ ಒಂದೇ ವಚನದ ಮೇಲೆ ಹೇರಿದರೆ ಆ ವಚನದ ಸ್ವಂತ ದನಿ ಕೇಳಿಸದು.

‘ಕುರುಡಾಗಿಸು’ (ತುಫ್ಲೊಓ) ಎಂಬುದನ್ನೂ ಇದರೊಡನೆ ಬೆರೆಸಬೇಡಿ. 2 ಕೊರಿಂಥ 4:4ರಲ್ಲಿ ಆ ಕ್ರಿಯಾಪದಕ್ಕೆ ಕರ್ತೃ ಇದ್ದಾನೆ, ಅಲ್ಲಿ ಕುರುಡು ಮಾಡಿದವನು ‘ಈ ಲೋಕದ ದೇವರು’, ಸಾಮಾನ್ಯವಾಗಿ ಸೈತಾನನೆಂದು ಓದುವ ಮಾತು. ಅದನ್ನು ತಂದು ರೋಮಾ 1:21ರ ಖಾಲಿ ಜಾಗದಲ್ಲಿ ಕೂರಿಸುವುದು ಸರಿಯಲ್ಲ. ಕೆಡುವುದು ಕಣ್ಣೋ, ಅಥವಾ ಬೆಳಕು ಇಲ್ಲವಾಯಿತೋ ಎಂಬ ವ್ಯತ್ಯಾಸವೂ ಇವೆರಡರ ನಡುವೆ ಇದೆ. 1 ಯೋಹಾನ 2:11ರಲ್ಲಿ ಎರಡೂ ಒಟ್ಟಿಗೆ ಬರುತ್ತವೆ: ಕತ್ತಲು ಅವನ ಕಣ್ಣುಗಳನ್ನು ಕುರುಡು ಮಾಡಿದೆ.

ಕನ್ನಡದಲ್ಲಿ ಹೇಳುವಾಗ

‘ಕತ್ತಲಾಗಿಸಲ್ಪಟ್ಟಿತು’ ವ್ಯಾಕರಣಕ್ಕೆ ತಪ್ಪಲ್ಲ, ಕನ್ನಡದ ನಾಲಿಗೆಗೆ ಭಾರ. ಅದಕ್ಕಿಂತ ಮುಖ್ಯ, ‘ಯಾರಿಂದ?’ ಎಂಬ ಪ್ರಶ್ನೆಯನ್ನು ಅದು ಬಲವಂತವಾಗಿ ಎಬ್ಬಿಸುತ್ತದೆ. ‘ಕತ್ತಲಾಯಿತು’ ಎಂಬುದರಲ್ಲಿ ಕರ್ತೃ ಹೇಳದೆ ಉಳಿಯುತ್ತಾನೆ, ಗ್ರೀಕ್ ವಾಕ್ಯದಲ್ಲಿ ಇರುವ ಹಾಗೆಯೇ. ಪರ್ಫೆಕ್ಟ್ ಇರುವಲ್ಲಿ ‘ಕವಿಯಿತು’ ಬೇಡ, ‘ಕವಿದಿದೆ’ ಬಳಸಿ: ‘ಅವರ ಬುದ್ಧಿಗೆ ಕತ್ತಲು ಕವಿದಿದೆ’.

ಮನಸ್ಸಿನ ವಿಷಯಕ್ಕೆ ‘ಮಂಕಾಯಿತು’, ‘ಮಂಕು ಕವಿಯಿತು’ ಒಳ್ಳೆಯ ಕನ್ನಡ, ಮಾತಿನಲ್ಲಿ ವಿವರಿಸುವಾಗ ಬಳಸಬಹುದು. ಬರೆಯುವ ಅನುವಾದಕ್ಕೆ ಬೇಡ ಎನ್ನಲು ಎರಡು ಕಾರಣ. ಮಂಕು ಎಂದರೆ ಚುರುಕಿಲ್ಲದಿರುವುದು, ಅದರಲ್ಲಿ ದೋಷದ ಹೊರೆ ಕಡಿಮೆ. ಎರಡನೆಯದಾಗಿ, ಸೂರ್ಯನಿಗೂ ಮನಸ್ಸಿಗೂ ಒಂದೇ ಕ್ರಿಯಾಪದ ಇರುವುದು ಕನ್ನಡದ ಓದುಗನಿಗೆ ಕಾಣದೆ ಹೋಗುತ್ತದೆ. ನೆಸ್ಲೆ-ಆಲಂಡ್ ಲೆಕ್ಕದ ಎಂಟೂ ವಚನಗಳಲ್ಲಿ ‘ಕತ್ತಲು’ ಎಂಬ ಪದ ಉಳಿಯಲಿ, ಅದರ ಜೊತೆಗಿನ ‘ಆಯಿತು, ಆಗುವನು, ಆಗಲಿ, ಆಗುವಂತೆ, ಕವಿದಿದೆ’ ಮಾತ್ರ ಗ್ರೀಕ್ ರೂಪಕ್ಕೆ ತಕ್ಕಂತೆ ಬದಲಾಗಲಿ. ‘ಕಪ್ಪಾಗು’ ಎಂಬುದನ್ನು ಪ್ರಕಟನೆ 6:12ಕ್ಕೆ ಎತ್ತಿಡಿ.

ಹಾಳೆ ತುಂಬಿದ ಮೇಲೆ ಕೊನೆಯ ಅಂಕಣವನ್ನು ಮಾತ್ರ ಗಟ್ಟಿಯಾಗಿ ಓದಿ, ಗ್ರೀಕ್ ಬಾರದ ಒಬ್ಬರಿಗೆ ಕೇಳಿಸಿ. ‘ಯಾರು ಕತ್ತಲು ಮಾಡಿದರು?’ ಎಂದು ಅವರು ರೋಮಾ 1:21ಕ್ಕೆ ಕೇಳಿದರೆ 24ನೇ ವಚನದವರೆಗೂ ಓದಿ ತೋರಿಸಿ. ‘ಹೊಗೆಯಿಂದಲೇ?’ ಎಂದು ಪ್ರಕಟನೆ 9:2ಕ್ಕೆ ಕೇಳಿದರೆ ಹೌದೆನ್ನಿ.